ಗದ್ದಲ ಮಾಡದ ಡಿಸ್ಪ್ಲೇ, ತಾನಾಗಿ ಒತ್ತಿಕೊಳ್ಳದ ಕೀಪ್ಯಾಡ್

ಹ್ಯಾಮ್ ಸೆಟ್ಟಿಗೆ, ಅಂದರೆ ಹವ್ಯಾಸಿ ರೇಡಿಯೋಗೆ, ಡಿಸ್ಪ್ಲೇ ಹಚ್ಚಿ ಅಂಕಿ ಮೂಡಿಸಲು ಒಂದು ಸಂಜೆ ಸಾಕು. ಆ ಡಿಸ್ಪ್ಲೇಯ ವಿದ್ಯುತ್ ಗದ್ದಲ ರಿಸೀವರಿಗೆ ಕೇಳದಂತೆ ಮಾಡುವುದಕ್ಕೆ ಮಾತ್ರ ತಾಳ್ಮೆ ಬೇಕು. ಕಲಬುರಗಿಯ ನಮ್ಮ ಮನೆಯಲ್ಲಿ 40 ಮೀಟರ್ ಬ್ಯಾಂಡಿಗೆ (ಸುಮಾರು 7 ಮೆಗಾಹರ್ಟ್ಸ್) ನಾನೇ ಕಟ್ಟಿಕೊಂಡ, ಕಳಿಸುವ-ಕೇಳುವ ಎರಡೂ ಕೆಲಸದ ಟ್ರಾನ್ಸೀವರಿನಲ್ಲಿ ಜಾಸ್ತಿ ಹೊತ್ತು ತಿಂದಿದ್ದು ಇದೇ ಕೆಲಸ.

ಸಾಮಾನು ಸರಳ. ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಫ್ರೀಕ್ವೆನ್ಸಿ ಹುಟ್ಟಿಸುವ ಚಿಪ್ ಎಸ್‌ಐ5351, 16 ಅಕ್ಷರದ ಎರಡು ಸಾಲಿನ ಎಲ್‌ಸಿಡಿ, 16 ಗುಂಡಿಗಳ ಕೀಪ್ಯಾಡ್, ಟ್ಯೂನ್ ಮಾಡಲು ತಿರುಗಿಸುವ ಒಂದು ಎನ್‌ಕೋಡರ್. ಪಿನ್ ಲೆಕ್ಕ ಸರಿಯಾಗಿ ಕೂತಿತು. ಎಲ್‌ಸಿಡಿಗೆ 6, ಕೀಪ್ಯಾಡಿಗೆ 8, ಎನ್‌ಕೋಡರಿಗೆ 2. ಎ4, ಎ5 ಎರಡೂ ಎಸ್‌ಐ5351ಗೆ ಹೋದವು. ಪಿಟಿಟಿ (ಮಾತಾಡುವಾಗ ಒತ್ತುವ ಗುಂಡಿ) ಒತ್ತಿದ್ದು ಗೊತ್ತಾಗಲು ಎ6 ಬಳಸಿದೆ. ಈ ಪಿನ್ ಅನಲಾಗ್ ಓದಲು ಮಾತ್ರ ಬರುತ್ತದೆ, ಅದಕ್ಕೆ ಒಳಗಡೆ ಪುಲ್-ಅಪ್ (ಪಿನ್ನನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್) ಇಲ್ಲ. ಹೊರಗಿನಿಂದ 10 ಕೆ (ಕಿಲೋಓಮ್) ಕೊಡಲೇಬೇಕು.

ಎಲ್‌ಸಿಡಿಯ ಬೆನ್ನಿಗಿರುವುದು ಎಚ್‌ಡಿ44780 ಜಾತಿಯ ಕಂಟ್ರೋಲರ್. ಒಂದು ಅಕ್ಷರವನ್ನು ನಾಲ್ಕು ನಾಲ್ಕು ಬಿಟ್‌ಗಳ ಎರಡು ತುಂಡು ಮಾಡಿ ಡಿ4ರಿಂದ ಡಿ7ರವರೆಗಿನ ವೈರುಗಳಲ್ಲಿ ಇಟ್ಟು, ಇ ಪಿನ್ನಿಗೆ ಒಂದು ಪಲ್ಸ್ ಕೊಟ್ಟರೆ ಅದು ಎತ್ತಿಕೊಳ್ಳುತ್ತದೆ. ಬಂದಿದ್ದು ಆಜ್ಞೆಯೋ ಅಕ್ಷರವೋ ಅನ್ನುವುದನ್ನು ಆರ್‌ಎಸ್ ಪಿನ್ ಹೇಳುತ್ತದೆ. ನಾವು ಬರೆಯುವುದಷ್ಟೇ, ಓದುವುದಿಲ್ಲ. ಹಾಗಾಗಿ ಆರ್/ಡಬ್ಲ್ಯೂ ನೇರ ಗ್ರೌಂಡಿಗೆ.

"ಅಣ್ಣಾ, ಐ2ಸಿ ಬೋರ್ಡ್ ಹಚ್ಚಿದ್ರ ಎರಡೇ ವೈರ್ ಸಾಕಲ್ಲೇನ್ರೀ?" ಅಂತ ಗೆಳೆಯನೊಬ್ಬ ಕೇಳಿದ. ಸಾಕು, ನಿಜ. ಐ2ಸಿ ಅಂದರೆ ಎರಡೇ ವೈರಿನಲ್ಲಿ ಒಂದಾದ ಮೇಲೊಂದು ಬಿಟ್ ಕಳಿಸುವ ಪದ್ಧತಿ. ಆದರೆ ಅಲ್ಲಿ ಒಂದು ಅಕ್ಷರ ದಾಟಿಸಲು ಹಲವು ಬೈಟ್ ಕಳಿಸಬೇಕು. ಅದೂ ಎಸ್‌ಐ5351 ಕೂತ ವೈರಿನಲ್ಲೇ. ವೈರು ಹೆಚ್ಚು ಹೊತ್ತು ಕುಣಿದಷ್ಟೂ ಗದ್ದಲ ಹೆಚ್ಚು.

ಆ ಗದ್ದಲ ಬರುವುದು ಎಲ್ಲಿಂದ? ಪಿನ್ 0ದಿಂದ 5 ವೋಲ್ಟಿಗೆ ಚಂಗನೆ ಜಿಗಿಯುತ್ತದೆ. ಜಿಗಿತ ಚುರುಕಾದಷ್ಟೂ ಅದರೊಳಗೆ ಮೇಲಿನ ಫ್ರೀಕ್ವೆನ್ಸಿಗಳು ಜಾಸ್ತಿ. ಅವು 7 ಮೆಗಾಹರ್ಟ್ಸ್ ದಾಟಿ ಹೋಗುತ್ತವೆ. ಡಿಸ್ಪ್ಲೇಯ ವೈರೇ ಪುಟ್ಟ ಆಂಟೆನಾ ಆಗಿಬಿಡುತ್ತದೆ. ಆಂಟೆನಾ ಬಿಚ್ಚಿ, ಆ ಜಾಗಕ್ಕೆ 50 ಓಮ್ ಲೋಡ್ ಹಾಕಿ ಹೆಡ್‌ಫೋನ್ ಹಚ್ಚಿ ಕೇಳಿ. ಸ್ಕ್ರೀನ್ ಬದಲಾದಾಗಲೆಲ್ಲ ಟಿಕ್ ಟಿಕ್ ಅಂದರೆ ಕಳ್ಳ ಸೆಟ್ಟಿನೊಳಗೇ ಇದ್ದಾನೆ.

ನಾನು ಪ್ರತಿ ವೈರಿಗೆ ಸಾಲಾಗಿ 220 ಓಮ್ ಹಾಕಿದೆ. ಜಿಗಿತ ಸ್ವಲ್ಪ ಮೆತ್ತಗಾಯಿತು. ಎಲ್‌ಸಿಡಿಯ 5 ವೋಲ್ಟ್ ಪಿನ್ನಿಗೆ ಅಂಟಿಕೊಂಡಂತೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಹಿಂಬದಿಯ ಬೆಳಕಿಗೆ ಪಿಡಬ್ಲ್ಯೂಎಂ (ಬೇಗ ಬೇಗ ಆನ್-ಆಫ್ ಮಾಡಿ ಬೆಳಕು ತಗ್ಗಿಸುವುದು) ಬೇಡವೇ ಬೇಡ, ಸುಮ್ನೆ ಒಂದು ರೆಸಿಸ್ಟರ್ ಸಾಕು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಬೆಸುಗೆ ಹಾಕಿ ನ್ಯಾನೋ ಸುತ್ತ ಗೂಡು ಕಟ್ಟಿದೆ. ಆದರೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಪ್ರೋಗ್ರಾಮಿನ ಸಣ್ಣ ತಿದ್ದುಪಡಿ. ಇಡೀ ಸ್ಕ್ರೀನ್ ಮತ್ತೆ ಮತ್ತೆ ಬರೆಯುವ ಬದಲು ಬದಲಾದ ಅಂಕಿ ಮಾತ್ರ ಬರೆ ಅಂದೆ. ಯಾರೂ ಟ್ಯೂನ್ ಮಾಡದಿದ್ದಾಗ ಆ ವೈರುಗಳು ಮಿಸುಕುವುದೇ ಇಲ್ಲ.

ಕೀಪ್ಯಾಡಿಗೂ ಇದೇ ಉಪಾಯ. ನಾಲ್ಕು ಸಾಲು, ನಾಲ್ಕು ಕಂಬ (ಕಾಲಮ್). ಒಂದೊಂದೇ ಸಾಲನ್ನು 0ಗೆ ಇಳಿಸಿ, ಯಾವ ಕಂಬ ಇಳಿಯಿತು ಅಂತ ನೋಡಿದರೆ ಒತ್ತಿದ ಗುಂಡಿ ಸಿಗುತ್ತದೆ. ಸಾಮಾನ್ಯವಾಗಿ ಇದನ್ನು ಬಿಡುವಿಲ್ಲದೆ ಮಾಡುತ್ತಿರುತ್ತಾರೆ. ಅಷ್ಟೂ ಹೊತ್ತು ಗದ್ದಲ! ನಾನು ನಾಲ್ಕೂ ಸಾಲುಗಳನ್ನು 0ರಲ್ಲೇ ಇಟ್ಟು ಕಾಯುತ್ತೇನೆ. ಗುಂಡಿ ಒತ್ತಿದರೆ ಕಂಬ ಇಳಿದು ಇಂಟರಪ್ಟ್ (ನ್ಯಾನೋವನ್ನು ತಕ್ಷಣ ಕರೆಯುವ ಸೂಚನೆ) ಬರುತ್ತದೆ, ಆಗ ಒಂದೇ ಸಲ ಹುಡುಕುವುದು. ಒತ್ತಿದ ಗುಂಡಿ ಸ್ವಲ್ಪ ಹೊತ್ತು ಅದುರುವುದರಿಂದ 20 ಮಿಲಿಸೆಕೆಂಡ್ ಬಿಟ್ಟು ಮತ್ತೊಮ್ಮೆ ನೋಡುತ್ತೇನೆ. ಹುಡುಕುವಾಗ ಸರದಿ ಇಲ್ಲದ ಸಾಲುಗಳು ಇನ್‌ಪುಟ್ ಆಗಿರಬೇಕು. ಅವನ್ನು 5 ವೋಲ್ಟಿನಲ್ಲಿ ಇಟ್ಟರೆ, ಒಂದೇ ಕಂಬದ ಎರಡು ಗುಂಡಿ ಒಟ್ಟಿಗೆ ಒತ್ತಿದಾಗ ಎರಡು ಔಟ್‌ಪುಟ್‌ಗಳು ಶಾರ್ಟ್ ಆಗುತ್ತವೆ.

7, 1, 0, 0 ಒತ್ತಿ # ಒತ್ತಿದರೆ 7100 ಕಿಲೋಹರ್ಟ್ಸ್. ಇಷ್ಟಕ್ಕೇ ಮುಗಿಯಲಿಲ್ಲ. 10 ವಾಟ್‌ನಲ್ಲಿ ಮಾತಾಡುವಾಗ ಕೀಪ್ಯಾಡ್ ತನ್ನಷ್ಟಕ್ಕೆ ತಾನೇ ಒತ್ತಿಕೊಳ್ಳುತ್ತಿತ್ತು. ನ್ಯಾನೋದ ಒಳಗಿನ ಪುಲ್-ಅಪ್ 20ರಿಂದ 50 ಕೆ, ಅಂದರೆ ತೀರಾ ಸಡಿಲ. ಉದ್ದ ವೈರಿನಲ್ಲಿ ನುಗ್ಗಿದ ಆರ್‌ಎಫ್ (ಸೆಟ್ಟು ಕಳಿಸುವ ರೇಡಿಯೋ ಅಲೆ) ಅದನ್ನು ಸುಲಭವಾಗಿ ಅಲ್ಲಾಡಿಸುತ್ತದೆ. ಕಂಬಗಳಿಗೆ ಹೊರಗಿನಿಂದ 4.7 ಕೆ ಪುಲ್-ಅಪ್ ಕೊಟ್ಟೆ, ಎಂಟೂ ವೈರಿಗೆ ಗ್ರೌಂಡಿಗೆ ಒಂದೊಂದು 1 ನ್ಯಾನೋಫ್ಯಾರಡ್ ಕೆಪಾಸಿಟರ್. 7 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 23 ಓಮ್ ಅಷ್ಟೇ, ಆರ್‌ಎಫ್ ಅಲ್ಲೇ ನೆಲ ಕಚ್ಚುತ್ತದೆ. ಬೆರಳಿನ ವೇಗಕ್ಕೆ ಅದು ಅಡ್ಡಿಯೇ ಅಲ್ಲ. ಜೊತೆಗೆ, ಪಿಟಿಟಿ ಒತ್ತಿದ್ದರೆ ಗುಂಡಿಗಳ ಕಡೆ ನೋಡಲೇಬೇಡ ಅಂತ ಪ್ರೋಗ್ರಾಮಿನಲ್ಲಿ ಬರೆದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಅಲ್ವಾ? ಬಿಸಿಗೆ ಎಲ್‌ಸಿಡಿ ಕಪ್ಪಾಗುತ್ತ ಹೋಗಿ ಅಕ್ಷರದ ಬದಲು ಚೌಕಗಳೇ ಕಾಣುತ್ತವೆ. ಹಾಳಾಯಿತು ಅಂತ ಕಿತ್ತು ಬಿಸಾಡಬೇಡಿ. ಕಾಂಟ್ರಾಸ್ಟ್ ಹೊಂದಿಸುವ ವಿಓ ಪಿನ್ನಿನ 10 ಕೆ ಪ್ರೀಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ರೆಸಿಸ್ಟರ್) ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದೆ. ಚಳಿಗಾಲದಲ್ಲಿ ಮತ್ತೆ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಅದಕ್ಕೇ ಮುಂದಿನ ಪ್ಯಾನೆಲ್ಲಿನಲ್ಲಿ ಸ್ಕ್ರೂಡ್ರೈವರ್ ಹೋಗುವಷ್ಟು ಒಂದು ತೂತು ಬಿಟ್ಟಿದ್ದೇನೆ.