ನಾಚಿಕೆಮುಳ್ಳಿನಿಂದ ಎರೆಹುಳದವರೆಗೆ: ಅಂಗಳದಲ್ಲೇ ಮಾಡಿ ನೋಡಿ

ಕಾಸರಗೋಡಿನಲ್ಲಿ ಜೂನ್ ಒಂದಕ್ಕೆ ಶಾಲೆ ಶುರು. ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಗಿಡ, ಪ್ರಾಣಿಗಳು ಬೆಳಕಿಗೆ, ನೀರಿಗೆ, ಸ್ಪರ್ಶಕ್ಕೆ ಹೇಗೆ ಸ್ಪಂದಿಸುತ್ತವೆ ಅನ್ನುವ ಪಾಠವನ್ನು ಮಕ್ಕಳು ಒಳಗೆ ಕೂತು ಬಾಯಿಪಾಠ ಮಾಡುತ್ತಾರೆ. ನನಗೆ ಇದು ತುಂಬಾ ಬೇಸರದ ಸಂಗತಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಯಾವ ಮನೆಯ ಅಂಗಳಕ್ಕೆ ಇಳಿದರೂ ಆ ಪಾಠ ಕಣ್ಣೆದುರೇ ನಡೆಯುತ್ತಿರುತ್ತದೆ, ಅಲ್ವಾ?

ಎರಡು ತೆಂಗಿನ ಗೆರಟೆ, ಒಂದು ಹಿಡಿ ಅಲಸಂಡೆ ಬೀಜ, ಚಪ್ಪಲಿ ಬರುವ ರಟ್ಟಿನ ಪೆಟ್ಟಿಗೆ, ಒಂದು ಅಡಿಕೆ ಹಾಳೆಯ ತಟ್ಟೆ, ಒಂದು ಡ್ರಾಪರ್, ಒಂದು ನೋಟ್‌ಪುಸ್ತಕ. ಇಷ್ಟು ಸಾಕು. ಜೊತೆಗೆ ಒಂದು ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೆಳಕನ್ನೂ ನೀರನ್ನೂ ಒಟ್ಟಿಗೆ ಬದಲಿಸಿದರೆ ಗಿಡ ಬಾಗಿದ್ದು ಯಾವುದಕ್ಕೆ ಅಂತ ಹೇಳುವುದು ಹೇಗೆ?

ಮೊದಲು ನಾಚಿಕೆಮುಳ್ಳು

ಇದನ್ನು ಕೀಳಬೇಡಿ, ಇದ್ದಲ್ಲೇ ನೋಡಿ. ಮಳೆ, ಗಾಳಿ ಎರಡೂ ನಿಂತಿರಲಿ. ಎಲೆಗಳು ಪೂರ್ತಿ ಬಿಡಿಸಿಕೊಂಡ ಮೇಲೆ ಒಂದು ಎಲೆಯ ತುದಿಯನ್ನಷ್ಟೇ ಬೆರಳಿನಿಂದ ಮೆಲ್ಲಗೆ ಮುಟ್ಟಿ. ಮಡಚುವುದು ತುದಿಯಿಂದ ಶುರುವಾಗಿ ಜೋಡಿ ಜೋಡಿಯಾಗಿ ಬುಡದ ಕಡೆಗೆ ಸಾಗುತ್ತದೆ. ಜೋರಾಗಿ ತಟ್ಟಿದರೆ ಇಡೀ ತೊಟ್ಟೇ ಕೆಳಗೆ ಜೋಲುತ್ತದೆ.

ತೊಟ್ಟಿನ ಬುಡದಲ್ಲಿ ಸ್ವಲ್ಪ ಉಬ್ಬಿದ ಗಂಟು ಇದೆ, ಹುಡುಕಿ ನೋಡಿ. ಕೆಲಸವೆಲ್ಲ ಅಲ್ಲೇ. ಮುಟ್ಟಿದ ಸುದ್ದಿ ವಿದ್ಯುತ್ ಸಂಕೇತವಾಗಿ ಅಲ್ಲಿಗೆ ತಲುಪುತ್ತದೆ. ಗಂಟಿನ ಕೆಳಬದಿಯ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಗಾಳಿ ಇಳಿದ ಸೈಕಲ್ ಟ್ಯೂಬಿನ ಹಾಗೆ ಆ ಬದಿ ಸಡಿಲವಾಗಿ ತೊಟ್ಟು ಬೀಳುತ್ತದೆ. ಸ್ನಾಯು ಇಲ್ಲ, ನರ ಇಲ್ಲ, ಬರೇ ನೀರಿನ ಒತ್ತಡದಲ್ಲಿ ಇಷ್ಟೆಲ್ಲ! ಜಗದೀಶಚಂದ್ರ ಬೋಸರು ನೂರು ವರ್ಷಕ್ಕೂ ಹಿಂದೆ ತಾವೇ ಮಾಡಿದ ಉಪಕರಣಗಳಿಂದ ಈ ಸಂಕೇತಗಳನ್ನು ಅಳೆದವರು.

ಎಲೆ ಮತ್ತೆ ಪೂರ್ತಿ ತೆರೆಯಲು ಎಷ್ಟು ಹೊತ್ತು ಬೇಕಾಯಿತು ಅಂತ ಬರೆದಿಡಿ. ಬೆಳಿಗ್ಗೆ, ಮಧ್ಯಾಹ್ನ, ಮೋಡ ಕವಿದಾಗ ಮಾಡಿ ಹೋಲಿಸಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಡ್ರಾಪರ್‌ನಲ್ಲಿ ನೀರು ತೆಗೆದುಕೊಂಡು ಒಂದೇ ಎಲೆಯ ಮೇಲೆ, ಒಂದೇ ಎತ್ತರದಿಂದ, ಸಮನಾದ ಬಿಡುವು ಕೊಟ್ಟು ಹನಿ ಹಾಕುತ್ತಾ ಹೋಗಿ. ಹನಿ ಬೀಳುತ್ತಿರುವಾಗಲೇ ಎಲೆ ಬಿಡಿಸಿಕೊಳ್ಳಲು ಶುರುಮಾಡುತ್ತದೆಯೇ ಅಂತ ಗಮನಿಸಿ. 2014ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಈ ಗಿಡದ ಕುಂಡಗಳನ್ನು 15 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿದ್ದರು. ಇದರಿಂದ ಅಪಾಯವಿಲ್ಲ ಅಂತ ಆದಮೇಲೆ ಗಿಡಗಳು ಎಲೆ ಮಡಚುವುದನ್ನೇ ಬಿಟ್ಟವು. ಸುಸ್ತಾಗಿದ್ದಲ್ಲ. ಬೇರೆ ರೀತಿ ಅಲುಗಾಡಿಸಿದಾಗ ಮಡಚಿದವು. ಸುಮಾರು ಒಂದು ತಿಂಗಳ ನಂತರವೂ ಈ ಅಭ್ಯಾಸ ಉಳಿದಿತ್ತು.

ಅಲಸಂಡೆ ಎತ್ತ ಬಾಗುತ್ತದೆ?

ಬೀಜವನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಗೆರಟೆಯ ಕಣ್ಣು ಕೊರೆದು, ಮಣ್ಣು ತುಂಬಿ, ಎರಡರಲ್ಲೂ ಎರಡೆರಡು ಬೀಜ ಊರಿ. ಮೊಳಕೆ ಮೇಲೆ ಬಂದ ದಿನ ಒಂದನ್ನು ಜಗಲಿಯಲ್ಲಿ ಬೆಳಕಿಗೆ ಇಡಿ. ಇನ್ನೊಂದನ್ನು ಪೆಟ್ಟಿಗೆಯೊಳಗೆ ಇಟ್ಟು, ಒಂದು ಬದಿಗೆ ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಪೆಟ್ಟಿಗೆಯ ಮುಚ್ಚಳ ಹಾಕಿ. ನೀರು ಎರಡಕ್ಕೂ ಒಂದೇ ಅಳತೆ. ಕೆಲವೇ ದಿನದಲ್ಲಿ ಪೆಟ್ಟಿಗೆಯ ಸಸಿ ತೂತಿನ ಕಡೆಗೆ ಬಾಗಿರುತ್ತದೆ. ಬಣ್ಣ ಪೇಲವ, ಕಾಂಡ ಸಪೂರ ಮತ್ತು ಉದ್ದ. ಬೆಳಕು ಸಿಗುವ ತನಕ ಎಲೆಗೆ ಖರ್ಚು ಮಾಡದೆ ಎತ್ತರಕ್ಕೆ ಓಡುವುದು ಅದರ ದಾರಿ.

ಬಾಗುವುದು ಏಕೆ? ಆಕ್ಸಿನ್ ಅನ್ನುವ ಹಾರ್ಮೋನು ನೆರಳಿನ ಬದಿಯಲ್ಲಿ ಜಾಸ್ತಿ ಸೇರುತ್ತದೆ. ಆ ಬದಿಯ ಕೋಶಗಳು ಹೆಚ್ಚು ಉದ್ದವಾಗುತ್ತವೆ, ಸಸಿ ಬೆಳಕಿನತ್ತ ವಾಲುತ್ತದೆ. ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಯ ತುದಿಗೆ ಪುಟ್ಟ ಟೊಪ್ಪಿ ಹಾಕಿ ನೋಡಿದ್ದರು. ತುದಿ ಮುಚ್ಚಿದರೆ ಮೊಳಕೆ ಬಾಗಲಿಲ್ಲ. ಗೋಧಿ ಮೊಳಕೆಗೆ ಅಲ್ಯೂಮಿನಿಯಂ ಹಾಳೆಯ ಟೊಪ್ಪಿ ಮಾಡಿ ನೀವೂ ಪರೀಕ್ಷಿಸಬಹುದು. ಕೈ ಹಗುರ ಇರಲಿ, ಮೊಳಕೆ ಮುರಿಯುತ್ತದೆ.

ಜಗಲಿಯ ಗೆರಟೆಯನ್ನು ಕೊನೆಗೆ ಅಡ್ಡ ಮಲಗಿಸಿ, ಮರುದಿನ ನೋಡಿ. ತುದಿ ಆಕಾಶದ ಕಡೆ ತಿರುಗಿರುತ್ತದೆ.

ಎರೆಹುಳ

ಜೋರು ಮಳೆಯ ಮರುದಿನ ಅಂಗಳದಲ್ಲಿ ಸಿಗುತ್ತದೆ. ಕೈ ಒದ್ದೆ ಮಾಡಿಕೊಂಡೇ ಎತ್ತಿ. ಅದು ಉಸಿರಾಡುವುದು ಚರ್ಮದಿಂದ, ಚರ್ಮ ಒಣಗಿದರೆ ಸಾಯುತ್ತದೆ. ಹಾಳೆಯ ತಟ್ಟೆಗೆ ಒದ್ದೆ ಕಾಗದ ಹಾಸಿ, ಅರ್ಧಕ್ಕೆ ರಟ್ಟು ಮುಚ್ಚಿ, ಹುಳವನ್ನು ನಡುವೆ ಬಿಡಿ. ಅದಕ್ಕೆ ಕಣ್ಣಿಲ್ಲ, ಆದರೂ ಚರ್ಮದಲ್ಲಿರುವ ಕೋಶಗಳು ಬೆಳಕನ್ನು ಹಿಡಿಯುತ್ತವೆ. ಐದು ನಿಮಿಷದಲ್ಲಿ ಎಲ್ಲಿದೆ ನೋಡಿ. ಆಮೇಲೆ ರಟ್ಟನ್ನು ಇನ್ನೊಂದು ಬದಿಗೆ ಸರಿಸಿ ಮತ್ತೆ ನೋಡಿ. ಹುಳ ಸುಮ್ನೆ ಆ ಕಡೆ ಹೋಯಿತೋ, ಕತ್ತಲೆಗಾಗಿ ಹೋಯಿತೋ ಗೊತ್ತಾಗುವುದು ಆಗಲೇ.

ಮುಂದಿನ ಸಲ ಬೆಳಕು ಎರಡೂ ಕಡೆ ಒಂದೇ ಇರಲಿ, ಕಾಗದ ಮಾತ್ರ ಅರ್ಧ ಒಣ, ಅರ್ಧ ಒದ್ದೆ. ಉಪ್ಪು, ಬೆಂಕಿ, ಚುಚ್ಚುವುದು ಯಾವುದೂ ಬೇಡ. ಹುಳಕ್ಕೆ ಹಿಂಸೆ ಕೊಟ್ಟು ಕಲಿಯುವಂಥದ್ದು ಏನೂ ಇಲ್ಲ. ಹತ್ತು ನಿಮಿಷವಾದರೆ ಮಣ್ಣಿಗೆ ಬಿಟ್ಟುಬಿಡಿ. ರಾತ್ರಿ ಟಾರ್ಚಿಗೆ ಕೆಂಪು ಗ್ಲಾಸ್ ಪೇಪರ್ ಕಟ್ಟಿಕೊಂಡು ಹೋದರೆ ಅವು ಮೇಲೆ ಓಡಾಡುವುದನ್ನೇ ನೋಡಬಹುದು. ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ತಿಳಿಯುವುದಿಲ್ಲ.

ಬಿಡುವಿದ್ದರೆ ಪಾದೆಗೆ ಹೋಗಿ

ಮೇ ತಿಂಗಳಲ್ಲಿ ಕಾದು ಕರಕಲಾದ ಹಾಗಿರುವ ನಮ್ಮ ಪಾದೆ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಂಡೆ ಬಯಲು, ಮಳೆ ಹಿಡಿದ ಮೇಲೆ ಹಸಿರಾಗುತ್ತದೆ. ಅಲ್ಲಿನ ಎಷ್ಟೋ ಪುಟ್ಟ ಗಿಡಗಳು ಕೆಲವು ತಿಂಗಳಲ್ಲೇ ಹೂಬಿಟ್ಟು ಬೀಜ ಉದುರಿಸಿ ಮುಗಿಯುತ್ತವೆ. ಒದ್ದೆ ಜಾಗದಲ್ಲಿ ಮಂಡಿಯೂರಿ ಹುಡುಕಿದರೆ ಡ್ರೊಸೆರಾ ಅನ್ನುವ ಕೀಟ ಹಿಡಿಯುವ ಪುಟ್ಟ ಗಿಡ ಕಾಣಬಹುದು. ಎಲೆಯ ರೋಮಗಳ ತುದಿಯಲ್ಲಿ ಹೊಳೆಯುವ ಅಂಟು ಹನಿ. ಪುಟ್ಟ ಕೀಟ ಸಿಕ್ಕಿಬಿದ್ದರೆ ರೋಮಗಳು ಅದರ ಕಡೆ ಬಾಗುತ್ತವೆ. ಮಣ್ಣಿನಲ್ಲಿ ಸಾರಜನಕ ಕಡಿಮೆ, ಅದಕ್ಕೇ ಈ ಬೇಟೆ. ದಯವಿಟ್ಟು ಒಂದನ್ನೂ ಕಿತ್ತು ತರಬೇಡಿ. ಫೋಟೋ ಸಾಕು, ಅದರ ಮೇಲೆ ತಾರೀಕು ಬರೆದಿಡಿ. ಬರುವ ಫೆಬ್ರವರಿಯಲ್ಲಿ ಅದೇ ಜಾಗಕ್ಕೆ ಹೋಗಿ ಇನ್ನೊಂದು ಫೋಟೋ ತೆಗೆದು ಪಕ್ಕದಲ್ಲಿ ಅಂಟಿಸಿ.