ಒಂದು ವಚನ, ಒಬ್ಬ ಚಿಂತಕ, ಒಂದು ಪ್ರಶ್ನೆ: ದಿನದ ಧ್ಯಾನ ನಾನು ಬರೆಯುವ ಬಗೆ

ಜನವರಿ 28 ಹದಿಮೂರನೇ ಶತಮಾನದ ಕ್ರೈಸ್ತ ಚಿಂತಕ ಸಂತ ಥಾಮಸ್ ಅಕ್ವಿನಾಸರ ಸ್ಮರಣೆ. ಅಂದಿನ ಧ್ಯಾನಕ್ಕೆ, ಅಂದರೆ ಆ ದಿನ ಓದಲು ಬರೆಯುವ ಪುಟ್ಟ ಬರಹಕ್ಕೆ, ನಾನು ಆರಿಸಿಕೊಳ್ಳುವ ಬೈಬಲ್ ವಚನ ಮತ್ತಾಯ 23:8 (ಮತ್ತಾಯನ ಸುವಾರ್ತೆ, 23ನೇ ಅಧ್ಯಾಯ, 8ನೇ ವಚನ). ನೀವು ಬೋಧಕರೆನಿಸಿಕೊಳ್ಳಬೇಡಿ, ನಿಮಗೆ ಬೋಧಕ ಒಬ್ಬನೇ ಎನ್ನುತ್ತಾರೆ ಯೇಸು. ಹಾಗಿದ್ದರೆ ಶಾಲೆಯ ಮೇಷ್ಟ್ರು, ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಟೀಚರ್ ಮಾಡುತ್ತಿರುವುದೇನು? ಧ್ಯಾನ ಶುರುವಾಗಬೇಕಾದದ್ದು ಇಂಥ ಕೊಕ್ಕೆಯಂಥ ಪ್ರಶ್ನೆಯಿಂದಲೇ.

ಹಿಂದಿನ ಸಂಜೆ ವಚನವೊಂದನ್ನೇ ಅಲ್ಲ, 1ರಿಂದ 12ರವರೆಗೆ ಪೂರ್ತಿ ಓದುತ್ತೇನೆ. ಸಂತೆಬೀದಿಯಲ್ಲಿ ನಮಸ್ಕಾರ, ಔತಣದಲ್ಲಿ ಮೇಲಿನ ಆಸನ ಬಯಸುವವರ ವಿಷಯ ಅಲ್ಲಿದೆ. ಅದನ್ನು ಬಿಟ್ಟು ಎಂಟನೇ ವಚನವನ್ನು ಕಿತ್ತುಕೊಂಡರೆ, ಕಲಿಸುವುದೇ ತಪ್ಪೆಂಬ ಅರ್ಥ ಬಂದುಬಿಡುತ್ತದೆ.

ಆಮೇಲೆ ಚಿಂತಕ. ಥಾಮಸ್ 1256–59ರಲ್ಲಿ ಪ್ಯಾರಿಸಿನಲ್ಲಿ ನಡೆಸಿದ ‘ಸತ್ಯವನ್ನು ಕುರಿತು’ ಎಂಬ ಚರ್ಚೆಗಳಲ್ಲಿ 11ನೆಯದು ಗುರುವಿನ ಬಗ್ಗೆಯೇ ಇದೆ. ಅದರ ಮೊದಲ ಆಕ್ಷೇಪವೇ ಈ ವಚನ. ಅವರ ಬರವಣಿಗೆಯ ಕ್ರಮ ಗೊತ್ತಿರಲೇಬೇಕು: ಮೊದಲು ಆಕ್ಷೇಪಗಳು, ನಂತರ ಅವಕ್ಕೆ ಎದುರಾದ ಮಾತು, ಆಮೇಲೆ ಅವರ ಸ್ವಂತ ಉತ್ತರ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ಆಕ್ಷೇಪದ ಭಾಗದಿಂದ ಒಂದು ಸಾಲು ಎತ್ತಿ ‘ಥಾಮಸ್ ಹೀಗೆನ್ನುತ್ತಾರೆ’ ಎಂದು ಬರೆದರೆ, ಅವರು ಅಲ್ಲಗಳೆದದ್ದನ್ನೇ ಅವರ ಬಾಯಿಗೆ ಹಾಕಿದಂತಾಯಿತು. ಧ್ಯಾನಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಇದೇ. ಅದಕ್ಕಾಗಿ ಸಾಲಿನ ಪಕ್ಕದಲ್ಲೇ ಕೃತಿ, ಪ್ರಶ್ನೆ, ವಿಭಾಗ, ಆ ವಿಭಾಗದ ಯಾವ ಭಾಗ ಎಂದು ಗುರುತು ಹಾಕುತ್ತೇನೆ. ಮೂಲ ಸಿಗದ ಸಾಲು ಎಷ್ಟೇ ಚೆಂದವಿರಲಿ, ಬಿಟ್ಟೆ. ಮುಖ್ಯವಾದುದರಲ್ಲಿ ಐಕ್ಯ, ಸಂದೇಹವಿರುವಲ್ಲಿ ಸ್ವಾತಂತ್ರ್ಯ, ಎಲ್ಲದರಲ್ಲೂ ಪ್ರೀತಿ ಎಂಬ ಮಾತನ್ನು 4–5ನೇ ಶತಮಾನದ ಚಿಂತಕ ಸಂತ ಆಗಸ್ಟಿನರ ಹೆಸರಿಗೆ ಅಂಟಿಸುವುದುಂಟು; ಅದು 17ನೇ ಶತಮಾನದ್ದು. ಸತ್ಯದ ಬಗ್ಗೆ ಬರೆಯುವಾಗ ಸುಳ್ಳು ಹೆಸರು ಹಾಕುವುದು ಸಣ್ಣ ತಪ್ಪಲ್ಲ.

ಥಾಮಸರ ಉತ್ತರವನ್ನು ಮೂರು ವಾಕ್ಯಕ್ಕೆ ಇಳಿಸುತ್ತೇನೆ. ವಾಸಿಯಾಗುವ ಶಕ್ತಿ ರೋಗಿಯ ದೇಹದಲ್ಲೇ ಇದೆ, ವೈದ್ಯ ಹೊರಗಿನಿಂದ ಅದಕ್ಕೆ ನೆರವಾಗುತ್ತಾನೆ. ಹಾಗೆಯೇ ಅರಿಯುವ ಬೆಳಕನ್ನು ಒಳಗಿಟ್ಟವನು ದೇವರು. ಆ ಬೆಳಕು ತಾನಾಗಿ ನಡೆಯುವ ದಾರಿಯನ್ನೇ ಗುರು ಮಾತಿನಲ್ಲಿ ಹಂತಹಂತವಾಗಿ ಮುಂದಿಡುತ್ತಾನೆ.

ಇಲ್ಲಿ ಆಗಸ್ಟಿನರನ್ನೂ ಕರೆತರುವ ಆಸೆ ಬರುತ್ತದೆ. ಮಗ ಅದೆಯೊದಾತನೊಡನೆ ಅವರು ನಡೆಸಿದ ‘ಗುರು’ ಸಂವಾದ ಇದೇ ಪ್ರಶ್ನೆಯದು. ತರುವುದಿಲ್ಲ, ಇಬ್ಬರು ಚಿಂತಕರು ಬಂದರೆ ಎರಡು ನಿಮಿಷದ ಓದು ಪಾಠವಾಗಿಬಿಡುತ್ತದೆ. ಅವರಿಗೆ ಅವರದೇ ಸ್ಮರಣೆಯ ದಿನ, ಆಗಸ್ಟ್ 28, ಇದೆ. ಹುಟ್ಟಿದ್ದು, ಓದಿದ್ದು, ಸತ್ತದ್ದು ಎಂಬ ಜೀವನಚರಿತ್ರೆಗೂ ಒಂದು ವಾಕ್ಯಕ್ಕಿಂತ ಹೆಚ್ಚು ಜಾಗ ಕೊಡುವುದಿಲ್ಲ.

ಒಟ್ಟು 180 ಪದ ಸಾಕು. ‘ನಾವೆಲ್ಲರೂ ಒಳ್ಳೆಯ ಗುರುಗಳಾಗೋಣ’ ಎಂಬ ಸಾಲು ಬಂದರೆ ಹೊಡೆದುಹಾಕಿ, ಸಂಜೆಯೊಳಗೆ ಮಾಡಬಹುದಾದ ಒಂದು ಕೆಲಸ ಬರೆಯುತ್ತೇನೆ: ಮಗು ತಪ್ಪು ಉತ್ತರ ಕೊಟ್ಟಾಗ ತಕ್ಷಣ ತಿದ್ದಬೇಡಿ, ‘ಇದು ಹೇಗೆ ಬಂತು, ಹೇಳಪ್ಪ’ ಎಂದು ಕೇಳಿ, ಅದು ಹೇಳಿ ಮುಗಿಸುವವರೆಗೆ ಸುಮ್ಮನಿರಿ.

ಕೊನೆಗೆ ಪ್ರಾರ್ಥನೆ, ಎರಡೇ ವಾಕ್ಯ. ಅದು ದೇವರೊಡನೆ ಆಡುವ ಮಾತು; ಓದುಗರಿಗೆ ಹೇಳದೆ ಉಳಿದ ಉಪದೇಶವನ್ನು ಅದರೊಳಗೆ ತುರುಕಬಾರದು. ಬೇಡಿಕೆಯೂ ಆ ದಿನದ ಪ್ರಶ್ನೆಗೆ ಸೇರಿದ್ದೇ ಇರಬೇಕು.