ಗಡ್ಡೆಗೆ ಕತ್ತರಿ ಹಾಕುವ ಮುನ್ನ ಮಾತಿನ ನಕ್ಷೆ

ಮಿದುಳಿನಲ್ಲಿ ಗಡ್ಡೆ ಇದೆ, ಆಪರೇಷನ್ ಆಗಬೇಕು ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ಪ್ರಾಣದ್ದು, ಎರಡನೆಯದು ದುಡ್ಡಿನದು. ಮಾತು ಉಳಿಯುತ್ತದೆಯೇ ಎಂದು ಕೇಳುವವರು ಕಡಿಮೆ. ಗಡ್ಡೆಯ ಸುತ್ತ ಮಾತಿಗೆ ಬೇಕಾದ ಜಾಗಗಳು ಎಲ್ಲೆಲ್ಲಿವೆ ಎಂದು ಮೊದಲೇ ಗುರುತಿಸಿಕೊಳ್ಳುವ ಪರೀಕ್ಷೆಗಳಿವೆ. ಯಂತ್ರ ಆಸ್ಪತ್ರೆಯದು, ಓದುವವರು ತಜ್ಞರು. ಆದರೆ ನಕ್ಷೆ ಸರಿಯಾಗಿ ಮೂಡಬೇಕಾದರೆ ರೋಗಿಯ ಮನೆಯಲ್ಲಿ ಒಂದಿಷ್ಟು ಕೆಲಸ ಆಗಿರಬೇಕು. ಈ ಲೇಖನ ಆ ಕೆಲಸದ ಬಗ್ಗೆ.

ಪಠ್ಯಪುಸ್ತಕದ ಚಿತ್ರವೇ ಸಾಲದೇ ಎನ್ನಬಹುದು. ಸಾಲದು. ಫ್ರಾನ್ಸಿನ ವೈದ್ಯ ಬ್ರೋಕಾ 1861ರಲ್ಲಿ, ಜರ್ಮನಿಯ ವೈದ್ಯ ವರ್ನಿಕೆ 1874ರಲ್ಲಿ ಗುರುತಿಸಿದ ಮಾತಿನ ಎರಡು ಜಾಗಗಳನ್ನು ಪುಸ್ತಕಗಳು ಬಣ್ಣ ತುಂಬಿ ತೋರಿಸುತ್ತವೆ. 1989ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ಜಾರ್ಜ್ ಓಜೆಮನ್ ಮತ್ತು ಸಂಗಡಿಗರು 117 ರೋಗಿಗಳ ಮಿದುಳನ್ನು ಪರೀಕ್ಷಿಸಿದಾಗ, ಮಾತಿಗೆ ಅನಿವಾರ್ಯವಾದ ಜಾಗಗಳು ಹೆಚ್ಚಾಗಿ ಒಂದೆರಡು ಚದರ ಸೆಂಟಿಮೀಟರಿನಷ್ಟೇ ಇದ್ದವು, ಅವು ಇರುವ ಕಡೆಯೂ ಒಬ್ಬರಿಂದ ಒಬ್ಬರಿಗೆ ಬೇರೆಯಾಗಿತ್ತು. ಗಡ್ಡೆ ಬೆಳೆದು ಅಕ್ಕಪಕ್ಕವನ್ನು ತಳ್ಳಿದ್ದರೆ ಲೆಕ್ಕ ಇನ್ನಷ್ಟು ತಪ್ಪುತ್ತದೆ.

ಮೊದಲು: ಯಾವ ಕೈ, ಯಾವ ಭಾಷೆ

ಬಲಗೈಯವರಲ್ಲಿ ಶೇ 95ರಷ್ಟು ಜನರಿಗೆ ಮಾತಿನ ಹಿಡಿತ ಮಿದುಳಿನ ಎಡಭಾಗದಲ್ಲಿರುತ್ತದೆ. ಎಡಗೈಯವರಲ್ಲಿ ಈ ಪ್ರಮಾಣ ಸುಮಾರು ಶೇ 70. ಉಳಿದವರಿಗೆ ಬಲಭಾಗದಲ್ಲಿ ಅಥವಾ ಎರಡೂ ಕಡೆ. ಆದ್ದರಿಂದ ವೈದ್ಯರು ಯಾವ ಕೈ ಎಂದು ಕೇಳಿಯೇ ಕೇಳುತ್ತಾರೆ. ನಮ್ಮ ಕಡೆ ಎಡಗೈಯಲ್ಲಿ ಉಂಡ ಮಗುವಿಗೆ ಏಟು ಬೀಳುತ್ತಿದ್ದ ಕಾಲವಿತ್ತು. ಹಾಗಾಗಿ ಊಟ, ಬರಹವನ್ನಷ್ಟೇ ನೋಡಿ ‘ಬಲಗೈ’ ಎಂದುಬಿಡಬೇಡಿ. ಕಲ್ಲು ಎಸೆಯುವುದು, ಬೆಂಕಿಕಡ್ಡಿ ಗೀರುವುದು, ಸುತ್ತಿಗೆ ಹಿಡಿಯುವುದು ಯಾವ ಕೈಯಲ್ಲಿ ಎಂದು ನೆನಪಿಸಿಕೊಳ್ಳಿ. ಅಣ್ಣತಮ್ಮಂದಿರಲ್ಲಿ, ಮಕ್ಕಳಲ್ಲಿ ಎಡಚರಿದ್ದರೆ ಅದನ್ನೂ ಹೇಳಿ.

ಭಾಷೆಯ ವಿಚಾರ ಇನ್ನೂ ಮುಖ್ಯ. ದುರ್ಗದಬೈಲಿನ ವ್ಯಾಪಾರಿ ಮನೆಯಲ್ಲಿ ಮರಾಠಿ ಅಥವಾ ಉರ್ದು, ಗಿರಾಕಿಯ ಜತೆ ಕನ್ನಡ, ಸಗಟು ಮಾರುವವರ ಜತೆ ಹಿಂದಿ ಆಡುವುದು ಹುಬ್ಬಳ್ಳಿಯಲ್ಲಿ ವಿಶೇಷವೇನಲ್ಲ. ಗದಗ ಸೀಮೆಯ ತಾಂಡಾದವರಿಗೆ ಮನೆಮಾತು ಲಂಬಾಣಿ, ಶಾಲೆಯ ಮಾತು ಕನ್ನಡ. ಎರಡು ಭಾಷೆ ಬಲ್ಲವರ ಮಿದುಳಿನಲ್ಲಿ ಕೆಲವು ಜಾಗ ಎರಡಕ್ಕೂ ಸಮಾನ, ಕೆಲವು ಒಂದೇ ಭಾಷೆಗೆ ಮೀಸಲು ಎಂದು 1970ರ ದಶಕದಿಂದಲೇ ತಿಳಿದಿದೆ. ಒಂದು ಭಾಷೆಯಲ್ಲಿ ಪರೀಕ್ಷಿಸಿ ಇನ್ನೊಂದಕ್ಕೂ ಅದೇ ಎಂದುಕೊಳ್ಳುವಂತಿಲ್ಲ. ಯಾವ ಭಾಷೆ ಯಾವ ವಯಸ್ಸಿನಲ್ಲಿ ಬಂತು, ಈಗ ಯಾರೊಂದಿಗೆ ಆಡುತ್ತಾರೆ, ಓದಲು ಬರೆಯಲು ಬರುವುದು ಯಾವುದರಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದು ಫೈಲಿಗೆ ಸೇರಿಸಿ. ಕಳೆದುಹೋದರೆ ಬದುಕು ನಿಲ್ಲುವ ಭಾಷೆ ಯಾವುದು ಎಂಬ ಪ್ರಶ್ನೆಗೆ ರೋಗಿಯೇ ಉತ್ತರಿಸಲಿ, ಮಗ ಅಲ್ಲ.

ಮನೆಯಲ್ಲಿ ಮಾಡಬೇಕಾದ ದಾಖಲೆ

ವಾಕ್ ಚಿಕಿತ್ಸಕರು ಈಗಿನ ಮಾತನ್ನು ಅಳೆದು ದಾಖಲಿಸುತ್ತಾರೆ. ಧಾರವಾಡದಲ್ಲಿ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೆಂದೇ ಹೊಂದಿಸಿದ ಪರೀಕ್ಷೆಗಳಿವೆ. ಅದಕ್ಕೆ ಮುಂಚೆ ನೀವೇ ಒಂದು ಕೆಲಸ ಮಾಡಿ. ದಿನವೂ ಕಣ್ಣಿಗೆ ಬೀಳುವ ಐವತ್ತು-ಅರವತ್ತು ವಸ್ತುಗಳ ಫೋಟೊ ತೆಗೆದು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸಿ. ಪ್ರತಿಯೊಂದಕ್ಕೂ ನಾಲ್ಕು ಸೆಕೆಂಡ್. ರೋಗಿ ಹೇಳಿದ ಹೆಸರನ್ನು ಹೇಳಿದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ಉಳ್ಳಾಗಡ್ಡಿ ಎಂದರೆ ಉಳ್ಳಾಗಡ್ಡಿ. ಪರೀಕ್ಷಿಸುವವರು ಬೆಂಗಳೂರಿನವರಾಗಿದ್ದು ಅವರ ಪಟ್ಟಿಯಲ್ಲಿ ಈರುಳ್ಳಿ, ಪೊರಕೆ, ಕಡಲೆಕಾಯಿ ಎಂದಿದ್ದರೆ, ನಮ್ಮವರ ಉಳ್ಳಾಗಡ್ಡಿ, ಕಸಬರಿಗೆ, ಶೇಂಗಾ ತಪ್ಪಿನ ಲೆಕ್ಕಕ್ಕೆ ಹೋಗಬಾರದು. ಎಷ್ಟು ಯೋಚಿಸಿದರೂ ಹೆಸರು ಬಾರದ ಚಿತ್ರಗಳನ್ನು ಬೇರೆ ಇಡಿ. ರೋಗಿಯನ್ನು ಎಚ್ಚರವಾಗಿಟ್ಟು ಆಪರೇಷನ್ ಮಾಡುವಾಗ ಚಿತ್ರ ತೋರಿಸಿ ಹೆಸರು ಕೇಳುತ್ತಾರೆ, ಆಗ ಅವನ್ನು ಬಳಸುವುದಿಲ್ಲ.

ಹೆಸರು ಹೇಳಿದರೆ ಮುಗಿಯಲಿಲ್ಲ. ‘ಓಡುತ್ತಿದ್ದಾನೆ’, ‘ರೊಟ್ಟಿ ಬಡಿಯುತ್ತಿದ್ದಾಳೆ’ ಎಂದು ಕ್ರಿಯೆಯನ್ನೂ ಹೇಳಿಸಿ. ಒಂದು ನಿಮಿಷದಲ್ಲಿ ಎಷ್ಟು ತರಕಾರಿ, ಎಷ್ಟು ಪ್ರಾಣಿ ನೆನಪಾಗುತ್ತವೆ ಎಣಿಸಿ. ಓದು ಬಲ್ಲವರಿಗೆ ‘ಕ’ದಿಂದ ಶುರುವಾಗುವ ಪದಗಳು. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯ ಅಣ್ಣಿಗೇರಿ, ಹುಲಕೋಟಿಗಳನ್ನು ಹೇಳಿಸಿದರೂ ಅಭ್ಯಾಸವೇ. ಎಲ್ಲವನ್ನೂ ವಿಡಿಯೊ ಮಾಡಿ ಇಟ್ಟುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ‘ಭಜನೆ ಪೂರ್ತಿ ಹೇಳುತ್ತಾರೆ, ಒಂದರಿಂದ ನೂರು ಎಣಿಸುತ್ತಾರೆ, ಮಾತಿಗೇನೂ ಆಗಿಲ್ಲ’ ಎಂದು ಮನೆಯವರು ವಾದಿಸುವುದುಂಟು. ಬಾಯಿಪಾಠದ ಮಾತು, ವಾರ, ತಿಂಗಳು, ಎಣಿಕೆ ಇವು ಮಾತು ಸಾಕಷ್ಟು ಕೆಟ್ಟವರಲ್ಲೂ ಉಳಿದಿರುತ್ತವೆ. ಇನ್ನೊಂದು ಮಾತು: ರೋಗಿ ತಡವರಿಸುವಾಗ ಪಕ್ಕದಲ್ಲಿ ಕುಳಿತು ಉತ್ತರ ಹೇಳಿಕೊಡುವ ಚಟ ನಮ್ಮ ಜನಕ್ಕೆ ಬಹಳ. ಆ ತಡವರಿಕೆಯೇ ವೈದ್ಯರಿಗೆ ಬೇಕಾದ ಮಾಹಿತಿ.

ಫಂಕ್ಷನಲ್ ಎಂಆರ್‌ಐ ದಿನ

ಕೆಲಸ ಮಾಡುವ ಮಿದುಳಿನ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆ ಬದಲಾವಣೆಯನ್ನು ಎಂಆರ್‌ಐನಲ್ಲಿ ಹಿಡಿಯಬಹುದೆಂದು ವಿಜ್ಞಾನಿ ಸೆಯ್ಜಿ ಒಗಾವಾ 1990ರಲ್ಲಿ ತೋರಿಸಿದರು. ಮಾತಿನ ನಕ್ಷೆ ತೆಗೆಯುವ ಫಂಕ್ಷನಲ್ ಎಂಆರ್‌ಐ ಬಳಸುವುದು ಇದನ್ನೇ. ರಕ್ತದ ಪ್ರತಿಕ್ರಿಯೆ ಐದಾರು ಸೆಕೆಂಡ್ ತಡವಾಗಿ ತುದಿ ಮುಟ್ಟುವುದರಿಂದ ಪರೀಕ್ಷೆಯನ್ನು 20-30 ಸೆಕೆಂಡುಗಳ ಕಂತುಗಳಲ್ಲಿ ನಡೆಸುತ್ತಾರೆ: ಒಂದು ಕಂತು ಪದ ಯೋಚಿಸುವುದು, ಮುಂದಿನ ಕಂತು ಸುಮ್ಮನಿರುವುದು.

ಸಾಮಾನ್ಯವಾಗಿ ಬಾಯಿ ತೆರೆಯದೆ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಏಕೆಂದರೆ ದವಡೆ ಅಲುಗಿದರೆ ತಲೆ ಅಲುಗುತ್ತದೆ. ಕೆಲವೇ ಮಿಲಿಮೀಟರ್ ಸರಿದರೂ ಚಿತ್ರ ಕೆಡುತ್ತದೆ. ಸುಮ್ಮನಿರುವ ಕಂತಿನಲ್ಲೂ ಪದ ಹುಡುಕುತ್ತಿದ್ದರೆ ಎರಡರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ಹಾಗಾಗಿ ಹಿಂದಿನ ದಿನಗಳಲ್ಲಿ ಮಂಚದ ಮೇಲೆ ಅಂಗಾತ ಮಲಗಿ ಅಭ್ಯಾಸ ಮಾಡಿ. ಒಬ್ಬರು ‘ಶುರು’, ‘ನಿಲ್ಲಿಸಿ’ ಎನ್ನಲಿ. ಯಂತ್ರದೊಳಗೂ ಇದೇ ಪದಗಳನ್ನು ಬಳಸುವಂತೆ ತಂತ್ರಜ್ಞರನ್ನು ಕೇಳಿಕೊಳ್ಳಿ.

ತಾಳಿ, ಕಾಲುಂಗುರ, ಮೂಗುತಿ, ತಾಯಿತ, ಬೆಳ್ಳಿಯ ಉಡಿದಾರ ಎಲ್ಲವನ್ನೂ ಮನೆಯಲ್ಲೇ ಬಿಚ್ಚಿಡುವುದು ಲೇಸು. ಬಾಗಿಲಲ್ಲಿ ಜಗಳ ಬೇಡ. ಪೇಸ್‌ಮೇಕರ್ ಅಥವಾ ಮೈಯೊಳಗೆ ಲೋಹ ಇದ್ದರೆ ಮೊದಲೇ ಹೇಳಿ. ಕನ್ನಡಕ ಇಲ್ಲದೆ ಪರದೆ ಕಾಣದವರು ಅದನ್ನೂ ತಿಳಿಸಬೇಕು. ಫಿಟ್ಸ್ ಮಾತ್ರೆ ತಪ್ಪಿಸಬೇಡಿ, ಹಿಂದಿನ ರಾತ್ರಿ ಫಿಟ್ಸ್ ಬಂದಿದ್ದರೆ ಮುಚ್ಚಿಡಬೇಡಿ.

ಎಂಆರ್‌ಐ ಯಂತ್ರ ಇದ್ದಲ್ಲೆಲ್ಲ ಈ ಪರೀಕ್ಷೆ ಆಗುವುದಿಲ್ಲ. ಚಿತ್ರ ತೋರಿಸುವ ಸಲಕರಣೆ, ತಂತ್ರಾಂಶ, ಫಲಿತಾಂಶ ಓದಬಲ್ಲವರು ಬೇಕು. ಹಾವೇರಿಯಿಂದ ಗಾಡಿ ಮಾಡಿಕೊಂಡು ಹೊರಡುವ ಮುನ್ನ ಫೋನಿನಲ್ಲಿ ಕೇಳಿ: ಭಾಷೆಯ ಫಂಕ್ಷನಲ್ ಎಂಆರ್‌ಐ ಮಾಡುತ್ತೀರಾ, ಕನ್ನಡದಲ್ಲಿ ಮಾಡುತ್ತೀರಾ, ಜತೆಗೆ ನರತಂತುಗಳ ಡಿಟಿಐ ಚಿತ್ರವನ್ನೂ ತೆಗೆಯುತ್ತೀರಾ? ಮಾತಿನ ಮುಂದಿನ ಹಿಂದಿನ ಜಾಗಗಳನ್ನು ಬೆಸೆಯುವ ಬಿಲ್ಲಿನಾಕಾರದ ತಂತುಗುಚ್ಛ ಕಾಣುವುದು ಡಿಟಿಐನಲ್ಲಿ. ಅದು ತುಂಡಾದರೆ ಮೇಲ್ಮೈಯ ಜಾಗಗಳು ಉಳಿದರೂ ಮಾತು ಕೆಡಬಹುದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೆಫರಲ್ ಪತ್ರ ಹಾಗೂ ಯಾವ ಪರೀಕ್ಷೆ ಅದರೊಳಗೆ ಬರುತ್ತದೆ ಎಂಬುದನ್ನು ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಿ.

ಬಣ್ಣದ ಚಿತ್ರವನ್ನು ಪೂರ್ತಿ ನಂಬಬೇಡಿ

ಗಡ್ಡೆಯ ಪಕ್ಕದ ರಕ್ತನಾಳಗಳು ಸರಿಯಾಗಿ ಸ್ಪಂದಿಸದಿದ್ದರೆ, ಮಾತಿನ ಜಾಗ ಅಲ್ಲೇ ಇದ್ದರೂ ಚಿತ್ರ ಬರಿದಾಗಿ ಕಾಣುತ್ತದೆ. ತಲೆಬುರುಡೆ ತೆರೆದ ಮೇಲೆ ಮಿದುಳು ಸ್ವಲ್ಪ ಸರಿಯುತ್ತದೆ, ಆಗ ಮೊದಲಿನ ನಕ್ಷೆಯೂ ಸರಿದಂತೆಯೇ. ಅದಕ್ಕೇ ಗಡ್ಡೆ ಮಾತಿನ ಜಾಗಕ್ಕೆ ತೀರಾ ಹತ್ತಿರವಿದ್ದರೆ ರೋಗಿಯನ್ನು ಎಚ್ಚರವಾಗಿಟ್ಟು ಮಾಡುವ ಆಪರೇಷನ್ನಿನ ಮಾತು ಬರುತ್ತದೆ.

ಎಚ್ಚರವಿದ್ದಾಗಲೇ ಪರೀಕ್ಷೆ

ಕೇಳಿದವರು ಬೆಚ್ಚುತ್ತಾರೆ. ಆದರೆ ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ನೆತ್ತಿಯ ಚರ್ಮಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಡುತ್ತಾರೆ. ಅನೇಕ ಕಡೆ ಶುರುವಿನಲ್ಲಿ ಮತ್ತು ಕೊನೆಯಲ್ಲಿ ನಿದ್ರೆ, ನಡುವೆ ಮಾತ್ರ ಎಚ್ಚರ. ಕೆನಡಾದ ಮಾಂಟ್ರಿಯಲ್‌ನಲ್ಲಿ ನರಶಸ್ತ್ರವೈದ್ಯ ಪೆನ್‌ಫೀಲ್ಡ್ 1930ರ ದಶಕದಲ್ಲಿ ಬೆಳೆಸಿದ ಪದ್ಧತಿಯ ಮುಂದುವರಿಕೆ ಇದು.

ಶಸ್ತ್ರವೈದ್ಯರು ಮಿದುಳಿನ ಮೇಲ್ಮೈಗೆ ಕೆಲವು ಮಿಲಿಆಂಪಿಯರ್ ವಿದ್ಯುತ್ತನ್ನು ಕೆಲವು ಸೆಕೆಂಡ್ ಮುಟ್ಟಿಸುತ್ತಾರೆ. ಅದೇ ಹೊತ್ತಿಗೆ ರೋಗಿಯ ಕಣ್ಣೆದುರು ಚಿತ್ರ ಬರುತ್ತದೆ. ‘ಇದು ಗಡಿಯಾರ’ ಎಂದು ಪೂರ್ತಿ ಹೇಳಬೇಕು. ‘ಇದು’ ಬಂದು ‘ಗಡಿಯಾರ’ ಬಾರದಿದ್ದರೆ ಹೆಸರು ಹುಡುಕುವ ಜಾಗಕ್ಕೆ ವಿದ್ಯುತ್ ತಗುಲಿದೆ ಎಂದರ್ಥ. ‘ಇದು’ ಕೂಡ ಬಾರದೆ ಬಾಯಿ ಕಟ್ಟಿದರೆ ಮಾತು ಹೊರಡಿಸುವ ಜಾಗ. ಗಡಿಯಾರಕ್ಕೆ ‘ಬಾಗಿಲು’ ಎಂದರೂ ಅದು ಲೆಕ್ಕಕ್ಕೆ ಬರುತ್ತದೆ. ಒಂದೇ ಜಾಗವನ್ನು ಸಾಮಾನ್ಯವಾಗಿ ಮೂರು ಸಲ, ಬಿಟ್ಟು ಬಿಟ್ಟು, ಪರೀಕ್ಷಿಸಿ ಅಲ್ಲಿ ಅಂಕಿ ಬರೆದ ಸಣ್ಣ ಚೀಟಿ ಇಡುತ್ತಾರೆ. ಫಿಟ್ಸ್ ಶುರುವಾದರೆ ತಣ್ಣನೆಯ ದ್ರಾವಣ ಸುರಿದು ನಿಲ್ಲಿಸುತ್ತಾರೆ. ವಿದ್ಯುತ್ ತೆಗೆದೊಡನೆ ಮಾತು ಮರಳುತ್ತದೆ ಎಂದು ರೋಗಿಗೆ ಮೊದಲೇ ತಿಳಿಸಿರಬೇಕು, ಇಲ್ಲದಿದ್ದರೆ ನಾಲಿಗೆ ಬಿದ್ದೇ ಹೋಯಿತು ಎಂದು ಗಾಬರಿಯಾಗುತ್ತಾರೆ.

ಕ್ಯಾಲಿಫೋರ್ನಿಯಾದ ತಂಡವೊಂದು 2008ರಲ್ಲಿ 250 ರೋಗಿಗಳ ವರದಿ ಪ್ರಕಟಿಸಿತು. ಈ ಪದ್ಧತಿಯಲ್ಲಿ ಆಪರೇಷನ್ ಆಗಿ ಆರು ತಿಂಗಳ ನಂತರ ಬದುಕಿದ್ದವರಲ್ಲಿ ಹೊಸ ಮಾತಿನ ತೊಂದರೆ ಉಳಿದದ್ದು ಶೇ 1.6 ಜನರಿಗೆ ಮಾತ್ರ. ಎಲ್ಲರಿಗೂ ಇದು ಹೊಂದದು. ಮಾತು ಆಗಲೇ ಬಹಳ ಕೆಟ್ಟವರು, ಕೆಮ್ಮು ನಿಲ್ಲದವರು, ನಿದ್ರೆಯಲ್ಲಿ ಉಸಿರುಕಟ್ಟುವವರು, ಪುಟ್ಟ ಮಕ್ಕಳಿಗೆ ವೈದ್ಯರು ಬೇಡವೆನ್ನಬಹುದು.

ಮುಗಿದ ಮೇಲೆ

ಮೊದಲ ದಿನಗಳಲ್ಲಿ ಮಾತು ಮೊದಲಿಗಿಂತ ಕೆಡುವುದುಂಟು. ಬಾವಿನಿಂದಾದದ್ದು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಸುಧಾರಿಸುತ್ತದೆ. ಮನೆಯಲ್ಲಿ ಮಾಡಿದ ವಿಡಿಯೊ ಮತ್ತು ಚಿತ್ರಗಳ ಪಟ್ಟಿಯನ್ನು ವಾಕ್ ಚಿಕಿತ್ಸಕರಿಗೆ ಕೊಡಿ. ಮೊದಲು ಹೇಗಿತ್ತು ಎಂದು ಅವರು ಊಹಿಸಬೇಕಾಗುವುದಿಲ್ಲ. ಗದಗ, ಹಾವೇರಿಯಿಂದ ವಾರವಾರ ಧಾರವಾಡಕ್ಕೆ ಬರಲಾಗದವರು ವಿಡಿಯೊ ಕರೆಯಲ್ಲಿ ಚಿಕಿತ್ಸೆ ಸಾಧ್ಯವೇ ಎಂದು ಡಿಸ್ಚಾರ್ಜ್ ದಿನವೇ ಕೇಳಿ, ಮೊದಲ ದಿನಾಂಕ ಬರೆಸಿಕೊಂಡು ಹೊರಡಿ.